ಕರಾರುಪತ್ರದ ನಾಲ್ಕು ಮೂಲೆ

ಅರಸಿನದ ಕಲೆಯನ್ನು ಬಟ್ಟೆಯಿಂದ ತೆಗೆಯುವ ಕ್ರಮ ನನಗೆ ಗೊತ್ತಿತ್ತು. ಸಾಬೂನು ಹಾಕಬಾರದು, ಹಾಕಿದರೆ ಕೆಂಪಾಗುತ್ತದೆ. ಬರೇ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿದರೆ ಸಂಜೆಯೊಳಗೆ ಬಣ್ಣ ತಾನಾಗಿ ಹೋಗುತ್ತದೆ. ಎಣ್ಣೆಯ ಕಲೆಯಾದರೆ ಪೌಡರು ಉದುರಿಸಿ, ಮೇಲೊಂದು ಕಾಗದ ಇಟ್ಟು, ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲನೆ ಒತ್ತಬೇಕು. ಈ ಎರಡೂ ವಿದ್ಯೆಗಳನ್ನು ನಾನು ಒಮ್ಮೆ ಒಂದು ಕರಾರುಪತ್ರದ ಮೇಲೆ ಪ್ರಯೋಗಿಸಿದೆ. ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಆ ಮೂರು ತಿಂಗಳ ಸಿಟ್ಟು ಎಲ್ಲಾದರೂ ಒಂದು ಕಡೆ ಇಳಿಯಬೇಕಲ್ಲ.

ಊರಿಗೆ ಮೊಬೈಲು ಇನ್ನೂ ಸರಿಯಾಗಿ ಬಾರದ, ಎಸ್.ಟಿ.ಡಿ. ಬೂತುಗಳೇ ರಾಜ್ಯವಾಳುತ್ತಿದ್ದ ಕಾಲ. ನನ್ನ ಗಂಡ ಗಲ್ಫಿನಲ್ಲಿ ಒಂದು ದಿನಸಿ ಸಗಟು ಅಂಗಡಿಯಲ್ಲಿದ್ದರು. ಆ ವರ್ಷ ಅಂಗಡಿಯ ಯಜಮಾನ ವ್ಯಾಪಾರ ಮುಚ್ಚಲು ನಿಶ್ಚಯಿಸಿದ. ಇವರೂ, ಅದೇ ಅಂಗಡಿಯಲ್ಲಿದ್ದ ಪಾಣೆಮಂಗಳೂರಿನ ಬ್ಯಾರಿ ಸ್ನೇಹಿತರೊಬ್ಬರೂ ಸೇರಿ, ನಮ್ಮ ಕಡೆಯ ಕುಚ್ಚಲಕ್ಕಿ ತರಿಸಿ ಮಾರುವ ಸ್ವಂತ ಅಂಗಡಿ ಇಡುವುದೆಂದು ತೀರ್ಮಾನಿಸಿದರು. ಅಕ್ಕಿ ಮೂಡಬಿದಿರೆಯ ನನ್ನ ಅಣ್ಣನ ಮಿಲ್ಲಿನದ್ದು. ಗಲ್ಫಿನ ಪರವಾನಗಿ ಕಚೇರಿಯವರು ಒಂದು ಷರತ್ತು ಹಾಕಿದರು. ಈ ಮಿಲ್ಲು ಈ ಅಂಗಡಿಗೆ ಅಕ್ಕಿ ಕೊಡುತ್ತದೆಂಬ ಕರಾರುಪತ್ರ ಬೇಕು. ಅದು ಭಾರತದಲ್ಲಿ ಹಂತಹಂತವಾಗಿ ದೃಢೀಕರಣವಾಗಿಯೇ ಬರಬೇಕು. ಜೂನ್ ತಿಂಗಳ ಕೊನೆಯೊಳಗೆ ಪರವಾನಗಿ ಆಗದಿದ್ದರೆ ಇಬ್ಬರ ವೀಸಾವೂ ಮುಗಿಯುತ್ತದೆ. ಇಬ್ಬರೂ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬರಬೇಕು, ಕೆಲಸವೂ ಇಲ್ಲ, ಅಂಗಡಿಯೂ ಇಲ್ಲ.

ಬಂಟ್ವಾಳದ ಪಕ್ಕದ ನಮ್ಮ ಬಿ.ಸಿ. ರೋಡಿನ ಬೂತಿಗೆ ಬಂದ ಫ್ಯಾಕ್ಸಿನಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಇತ್ತು. ಫ್ಯಾಕ್ಸಿನ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ, ಅಕ್ಷರ ವಾರದೊಳಗೆ ಮಾಸುತ್ತದೆ. ಹಾಗಾಗಿ ಎಲ್ಲವನ್ನೂ ಒಂದು ನೋಟುಬುಕ್ಕಿಗೆ ಇಳಿಸಿಕೊಂಡೆ. ಛಾಪಾ ಕಾಗದದಲ್ಲಿ ಟೈಪು ಮಾಡಿಸಿ ಅಣ್ಣ ಪ್ರತಿ ಹಾಳೆಗೂ ಸಹಿ ಹಾಕಬೇಕು, ಇಬ್ಬರು ಸಾಕ್ಷಿ. ನೋಟರಿಯ ಮುದ್ರೆ. ಮಂಗಳೂರಿನಲ್ಲಿ ವರ್ತಕರ ಸಂಘದ ಮುದ್ರೆ. ದೆಹಲಿಯಲ್ಲಿ ವಿದೇಶಾಂಗ ಇಲಾಖೆಯ ಮುದ್ರೆ. ಮುಂಬಯಿಯಲ್ಲಿ ಅರಬ್ಬಿ ಅನುವಾದ ಮಾಡಿಸಿ ಜೊತೆಗೆ ಅಂಟಿಸಿ, ಆ ದೇಶದ ದೂತಾವಾಸದ ಮುದ್ರೆ. ಪ್ರತಿಯೊಬ್ಬನೂ ತನ್ನ ಹಿಂದಿನವನ ಮುದ್ರೆಯನ್ನು ಮಾತ್ರ ನೋಡುತ್ತಾನೆ. ಒಳಗೆ ಅಕ್ಕಿ ಉಂಟೋ ಕಲ್ಲು ಉಂಟೋ ಯಾರಿಗೂ ಬೇಡ.

ಏಪ್ರಿಲಿನಲ್ಲಿ ಟೈಪಾದ ಏಳು ಹಾಳೆಗಳನ್ನು ಹಿಡಿದು ನಾನು ಮೂಡಬಿದಿರೆಗೆ ಹೋದೆ. ಅಣ್ಣ ಕೈತೊಳೆದು ಚಾವಡಿಯಲ್ಲಿ ಕುಳಿತ. ಪೆನ್ನು ಎತ್ತುವ ಮೊದಲು ಅಮ್ಮ ಒಳಗಿನಿಂದ ಹಿತ್ತಾಳೆಯ ಕರಡಿಗೆ ತಂದರು. ನಮ್ಮ ತವರಿನಲ್ಲಿ ಅದು ಕ್ರಮ. ಹೊಸ ಲೆಕ್ಕದ ಪುಸ್ತಕವಾಗಲಿ, ಮದುವೆಯ ಕಾಗದವಾಗಲಿ, ಮಿಲ್ಲಿನ ಕರಾರಾಗಲಿ, ನಾಲ್ಕು ಮೂಲೆಗೆ ಅರಸಿನ ಮುಟ್ಟಿಸಿ, ಮೇಲೊಂದು ಕುಂಕುಮದ ಬೊಟ್ಟು ಇಟ್ಟ ಮೇಲೆಯೇ ಅಕ್ಷರ. ಹುಡಿಯಾಗಿ ಉದುರದಿರಲಿ ಎಂದು ಅಮ್ಮ ಅರಸಿನವನ್ನು ತೆಂಗಿನೆಣ್ಣೆಯಲ್ಲಿ ಕಲಸುತ್ತಾರೆ. ಆ ದಿನವೂ ಕಲಸಿದರು. ಮೊದಲ ಹಾಳೆಗೆ ನಾಲ್ಕು ಮೂಲೆ, ಕೊನೆಯ ಹಾಳೆಗೆ ನಾಲ್ಕು ಮೂಲೆ. ಕೊನೆಯ ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಅವರ ಬೆರಳು ತುಸು ಜೋರಾಗಿ ಒತ್ತಿದ್ದನ್ನು ನಾನು ನೋಡಿದೆ. ಅಲ್ಲಿಂದ ಎರಡು ಬೆರಳಿನಷ್ಟು ದೂರದಲ್ಲಿ ಅಣ್ಣನ ಸಹಿ ಬಿತ್ತು.

ನಾನು ನೋಡಿದೆ, ಹೇಳಲಿಲ್ಲ. ಕಾಪಿ ಪುಸ್ತಕದಲ್ಲಿ ಶಾಯಿಯ ಒಂದು ಚುಕ್ಕೆ ಬಿದ್ದರೂ ಹಾಳೆಯಿಡೀ ಮತ್ತೆ ಬರೆಸುತ್ತಿದ್ದ ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಕಲಿತವಳು ನಾನು. ಆದರೆ ಅಮ್ಮನ ಬೆರಳಿನ ಗುರುತು ನನಗೆ ಶಾಯಿಯ ಚುಕ್ಕೆಯ ಹಾಗೆ ಕಾಣಲಿಲ್ಲ. ಚಂದವಾಗಿಯೇ ಕಂಡಿತು.

ಬಂಟ್ವಾಳದ ನೋಟರಿಯವರು ನಮ್ಮ ಪರಿಚಯದವರು. ಅಣ್ಣ ಎದುರಿಗೆ ನಿಂತು "ನನ್ನದೇ ಸಹಿ" ಎಂದ. ಅವರು ಹೌದೆಂದು ನಂಬಿ ಕೆಂಪು ಕಾಗದದ ಹೂವು ಅಂಟಿಸಿ, ಉಬ್ಬುಮುದ್ರೆ ಒತ್ತಿ, ರಿಜಿಸ್ಟರಿನ ನಂಬರು ಬರೆದರು. ಅರಸಿನ ನೋಡಿ, "ಒಳ್ಳೇದಾಗ್ಲಿ" ಎಂದು ನಕ್ಕರು.

ಮಂಗಳೂರಿನ ಸಂಘದಲ್ಲಿ ಮೂರು ಸಲ ಹತ್ತಿ ಇಳಿದೆ. ಮೊದಲ ಸಲ, ಮಿಲ್ಲು ಅಲ್ಲಿ ಸದಸ್ಯವಲ್ಲ, ಸದಸ್ಯರೊಬ್ಬರ ಶಿಫಾರಸು ಪತ್ರ ತನ್ನಿ ಎಂದರು. ಎರಡನೇ ಸಲ, ಪ್ರತಿ ಹಾಳೆಯಲ್ಲೂ ಮಿಲ್ಲಿನ ಮೊಹರು ಬೇಕೆಂದರು. ಅಣ್ಣನ ಮೊಹರಿನ ರಬ್ಬರು ಒಡೆದು ಮಿಲ್ಲಿನ ಹೆಸರು ಅರ್ಧ ಮಾತ್ರ ಬೀಳುತ್ತಿತ್ತು, ಹೊಸತು ಮಾಡಿಸಿದೆವು. ಮೂರನೇ ಸಲ ಸಹಿ ಮಾಡುವ ಅಧಿಕಾರಿ ಊಟಕ್ಕೆ ಹೋಗಿ ನಾಲ್ಕು ಗಂಟೆಗೆ ಬಂದರು. ಮೊದಲ ಸಲವೇ ಎಲ್ಲವನ್ನೂ ಒಟ್ಟಿಗೆ ಹೇಳಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ ಗುಮಾಸ್ತರು ಬಹಳ ಮರ್ಯಾದೆಯಿಂದ, "ನೀವು ಕೇಳ್ಲಿಲ್ಲ ಅಲ್ವಾ ಮೇಡಂ" ಎಂದರು.

ದೆಹಲಿ, ಮುಂಬಯಿಗೆ ನಾನು ಹೋಗುವ ಹಾಗಿರಲಿಲ್ಲ. ಬಿ.ಸಿ. ರೋಡಿನ ಒಬ್ಬ ಏಜೆಂಟರು ಗಲ್ಫಿಗೆ ಹೋಗುವವರ ಸರ್ಟಿಫಿಕೇಟುಗಳನ್ನು ಕಟ್ಟುಕಟ್ಟಾಗಿ ಕಳಿಸಿ ದೃಢೀಕರಣ ಮಾಡಿಸಿ ಕೊಡುತ್ತಿದ್ದರು. ಕರಾರುಪತ್ರವನ್ನು ಅವರ ಕೈಗೆ ಕೊಟ್ಟೆ. "ಪಿನ್ ಮಾತ್ರ ತೆಗೀಬೇಡಿ. ಜೆರಾಕ್ಸ್ ಮಾಡ್ಲಿಕ್ಕೆ ಅಂತ ಪಿನ್ ತೆಗೆದು ಪುನಃ ಹೊಡೆದ್ರೆ ತೂತು ನಾಲ್ಕಾಗ್ತದೆ. ತೂತು ಎಣಿಸುವ ಜನ ಅವ್ರು" ಎಂದು ಎಚ್ಚರಿಸಿದರು. ಅರಸಿನದ ಬಗ್ಗೆ ಅವರೂ ಏನೂ ಹೇಳಲಿಲ್ಲ.

ಪ್ರತಿ ಶುಕ್ರವಾರ ಗಲ್ಫಿನಲ್ಲಿ ರಜೆ, ಗಂಡನ ಫೋನು.

"ಕಾಗದ ಎಲ್ಲಿಗೆ ಮುಟ್ಟಿತು?"

"ದೆಹಲಿಗೆ."

ಮುಂದಿನ ಶುಕ್ರವಾರ, "ಎಲ್ಲಿಗೆ?"

"ದೆಹಲಿಯಲ್ಲೇ."

ನಾವು ಬೇರೆ ಏನನ್ನೂ ಮಾತಾಡುತ್ತಿರಲಿಲ್ಲ. ಮಕ್ಕಳು ಹೇಗಿದ್ದಾರೆ ಎಂದು ಅವರು ಕೇಳಲು ಮರೆಯುತ್ತಿದ್ದರು, ನೀವು ಊಟ ಮಾಡಿದಿರಾ ಎಂದು ಕೇಳಲು ನಾನು ಮರೆಯುತ್ತಿದ್ದೆ.

ಮೇ ತಿಂಗಳ ಮಧ್ಯದಲ್ಲಿ ಏಜೆಂಟರು ಕರೆಸಿದರು. ಕಂದು ಲಕೋಟೆಯನ್ನು ಮೇಜಿನ ಮೇಲೆ ಇಟ್ಟು ನನ್ನ ಕಡೆಗೆ ತಳ್ಳಿದರು.

"ಅಕ್ಕಾ, ಇದು ಮುಂಬಯಿಯಿಂದ ವಾಪಸ್ ಬಂತು."

"ಎಂತ ತಪ್ಪು?"

"ಕಾಗದ ಕೆಟ್ಟಿದೆ ಅಂತ ಬರೆದಿದ್ದಾರೆ. ಸಹಿಯ ಮೇಲೆ ಎಂತದೋ ಚೆಲ್ಲಿದೆ, ತಿದ್ದಿದ ಹಾಗೆ ಕಾಣ್ತದೆ ಅಂತೆ. ಹೊಸತು ಮಾಡ್ಸಿ. ಮೊದಲಿಂದ."

"ಮೊದಲಿಂದ ಅಂದ್ರೆ?"

"ಮೊದಲಿಂದ ಅಂದ್ರೆ ಛಾಪಾ ಕಾಗದದಿಂದ."

ಬಿಚ್ಚಿ ನೋಡಿದೆ. ಆಗ ಅರ್ಥವಾಯಿತು. ಬಂಟ್ವಾಳದಲ್ಲಿ, ಮಂಗಳೂರಿನಲ್ಲಿ ಅದು ಮೂಲೆಯ ಒಂದು ಬೊಟ್ಟಾಗಿತ್ತು. ಆಮೇಲೆ ಮೇ ತಿಂಗಳ ಸೆಕೆಯಲ್ಲಿ, ಕೊರಿಯರಿನ ಚೀಲಗಳೊಳಗೆ ಒತ್ತಿಕೊಂಡು, ಎಣ್ಣೆ ದಿನಕ್ಕೊಂದು ನೂಲಿನಷ್ಟು ಹರಡುತ್ತ ಹೋಗಿತ್ತು. ಎಣ್ಣೆ ಕುಡಿದ ಕಾಗದ ಬಾಳೆ ಚಿಪ್ಸಿನ ಪೊಟ್ಟಣದ ಹಾಗೆ ಪಾರದರ್ಶಕವಾಗಿ, ಹಿಂದಿನ ಹಾಳೆಯ ಅಕ್ಷರ ಮುಂದೆ ಕಾಣುತ್ತಿತ್ತು. ಅಮ್ಮ ಜೋರಾಗಿ ಒತ್ತಿದ ಮೂಲೆಯಿಂದ ಹೊರಟ ಹಳದಿ ಅಣ್ಣನ ಸಹಿಯ ಕೊನೆಯ ಸುಳಿಯನ್ನು ಮುಟ್ಟಿ ಶಾಯಿಯನ್ನು ಕದಡಿತ್ತು. ದೂತಾವಾಸದವನ ಕಣ್ಣಿನಿಂದ ನೋಡಿದರೆ, ಹೌದು, ಯಾರೋ ಸಹಿಯನ್ನು ಉಜ್ಜಿ ಬೇರೆ ಹಾಕಿದ ಹಾಗೆಯೇ ಇತ್ತು.

ಅಣ್ಣನಿಗೆ ಹೇಳುವ ಧೈರ್ಯವಾಗಲಿಲ್ಲ. ಅವನ ಕೋಪ ಮೂಗಿನ ತುದಿಯಲ್ಲಿ. ಗಂಡನಿಗೂ ಹೇಳಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿ, ನನಗೆ ಗೊತ್ತಿದ್ದ ವಿದ್ಯೆಗೆ ಕೈಹಾಕಿದೆ.

ಮಗುವಿನ ಪೌಡರನ್ನು ಎಣ್ಣೆಯ ಜಾಗಕ್ಕೆ ಉದುರಿಸಿ ಅರ್ಧ ಗಂಟೆ ಬಿಟ್ಟೆ. ಬ್ರಷ್ಷಿನಿಂದ ಝಾಡಿಸಿ, ಮೇಲೆ ಕೆಳಗೆ ಶಾಯಿ ಹೀರುವ ಕಾಗದ ಇಟ್ಟು, ಉಗುರುಬೆಚ್ಚಗಿನ ಇಸ್ತ್ರಿಪೆಟ್ಟಿಗೆ ಒತ್ತಿದೆ. ಎಣ್ಣೆ ನಿಜವಾಗಿಯೂ ಬಂತು. ಹೀರುಕಾಗದದಲ್ಲಿ ಹಳದಿ ಉಂಗುರ ಬಿದ್ದಾಗ ಆದ ಸಂತೋಷಕ್ಕೆ ಲೆಕ್ಕವಿಲ್ಲ. ಎರಡನೇ ದಿನ ಬೆಳಿಗ್ಗೆ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ, ಕೊನೆಯ ಹಾಳೆ ಮೇಲೆ ಬರುವಂತೆ ಕರಾರುಪತ್ರ ಇಟ್ಟು, ಹಾರದ ಹಾಗೆ ನಾಲ್ಕು ಕಡೆ ಕಲ್ಲು ಹೇರಿದೆ. ಪಕ್ಕದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಕಾಗೆ ಬಾರದ ಹಾಗೆ ಎರಡಕ್ಕೂ ಒಟ್ಟಿಗೇ ಕಾವಲು ಕೂತೆ.

ಸಂಜೆಗೆ ಅರಸಿನ ಹೋಗಿತ್ತು. ಆದರೆ ಮುದ್ರೆಗಳಿದ್ದ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿದೆ. ಹಿಂದಿನ ದಿನ ಇಸ್ತ್ರಿಯ ಬಿಸಿಗೆ ನೋಟರಿಯ ಕೆಂಪು ಹೂವು ಅಂಚಿನಲ್ಲಿ ಎದ್ದು ಸುರುಟಿತ್ತು. ಮಧ್ಯಾಹ್ನದ ಮೇಲೆ ಬೆನ್ನಿಗೂ ಬಿಸಿಲು ತಾಗಲೆಂದು ನಾನೇ ಮಗುಚಿ ಹಾಕಿದ್ದರಿಂದ ದೆಹಲಿಯ ನೇರಳೆ ಮುದ್ರೆ ಅರಸಿನದ ಹಿಂದೆಯೇ ಅರ್ಧ ಹೊರಟುಹೋಗಿತ್ತು. ದೂತಾವಾಸದವರು ಕಲೆಯಾಗಿದೆ ಎಂದು ಮಾತ್ರ ಹೇಳಿದ್ದರು. ಈಗ ಅದು ನಿಜವಾಗಿಯೂ ಯಾರೋ ಉಜ್ಜಿದ ಕಾಗದ. ಉಜ್ಜಿದವಳು ನಾನು.

ಏಜೆಂಟರಿಗೆ ತೋರಿಸಿದೆ. ಅವರು ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ದನಿ ತಗ್ಗಿಸಿ ಹೇಳಿದರು:

"ದೆಹಲಿ ಸೀಲಿಗೆ ದೆಹಲಿಗೇ ಹೋಗ್ಬೇಕು ಅಂತ ಉಂಟಾ ಅಕ್ಕಾ? ಹೊಸ ಕಾಗದ ಟೈಪ್ ಮಾಡ್ಸಿ ಕೊಡಿ. ಉಳಿದದ್ದು ನನಗೆ ಬಿಡಿ. ನಾಲ್ಕು ದಿನದಲ್ಲಿ ಎಲ್ಲ ಸೀಲು ಸಮೇತ ನಿಮ್ಮ ಕೈಗೆ."

"ಅಣ್ಣನ ಸಹಿ?"

"ಅದೂ ಆಗ್ತದೆ." ನಕ್ಕರು. ನಂಬಿಕೆ ಬರಲೆಂದು ಯಾರದ್ದೋ ಒಂದು ಸರ್ಟಿಫಿಕೇಟಿನ ಬೆನ್ನು ತೋರಿಸಿದರು.

ಆ ಮುದ್ರೆಯನ್ನು ಬಹಳ ಹೊತ್ತು ನೋಡಿದೆ. ನಮ್ಮ ಕಾಗದಕ್ಕೆ ಬಿದ್ದ ದೆಹಲಿಯ ಮುದ್ರೆಯ ವೃತ್ತ ಎಡಗಡೆ ಒಂದು ಕಡೆ ತುಂಡಾಗಿತ್ತು. ದಿನಕ್ಕೆ ನೂರು ಸಲ ಬಡಿದು ಸವೆದ ರಬ್ಬರು. ಇದರದ್ದು ಬಳೆಯ ಹಾಗೆ ಪೂರ್ತಿ ದುಂಡಗೆ, ಎಲ್ಲಿಯೂ ಸವೆದೇ ಇಲ್ಲ. ನನ್ನ ಕಣ್ಣಿಗೆ ಕಂಡದ್ದು ಗಲ್ಫಿನ ಕಚೇರಿಯಲ್ಲಿ ದಿನವಿಡೀ ಇದನ್ನೇ ನೋಡುವವನಿಗೆ ಕಾಣುವುದಿಲ್ಲವೇ? ಕಂಡರೆ ಹಿಡಿಯುವುದು ಏಜೆಂಟರನ್ನಲ್ಲ, ಕೌಂಟರಿನ ಎದುರು ನಿಂತ ನನ್ನ ಗಂಡನನ್ನು.

"ಬೇಡ. ನಾನು ಮೊದಲಿಂದಲೇ ಮಾಡಿಸ್ತೇನೆ. ನೀವು ದೆಹಲಿ, ಮುಂಬಯಿಗೆ ಸರಿಯಾದ ದಾರಿಯಲ್ಲೇ ಕಳಿಸಿ ಕೊಟ್ರೆ ಸಾಕು" ಎಂದೆ. ಮೇ ತಿಂಗಳ ಮೂರನೇ ವಾರ ಮುಗಿದಿತ್ತು. ಹಿಂದಿನ ಸಲಕ್ಕೆ ಹಿಡಿದಷ್ಟೇ ದಿನ ಈ ಸಲವೂ ಹಿಡಿದರೆ ಜೂನ್ ಮುಗಿಯುತ್ತಿತ್ತು. ಅದು ಗೊತ್ತಿದ್ದೇ ಹೇಳಿದೆ. ಹೊರಗೆ ಬಂದು ಮನೆಗೆ ಹೋಗದೆ ನೇರ ಮೂಡಬಿದಿರೆಯ ಬಸ್ಸು ಹತ್ತಿದೆ, ಮನೆಗೆ ಹೋದರೆ ಮನಸ್ಸು ಬದಲಾಗಬಹುದೆಂದು.

ಮಿಲ್ಲಿನಲ್ಲಿ ಬತ್ತ ಬೇಯುವ ಹಬೆ. ಮಳೆ ಬರುವ ಮೊದಲು ಅಂಗಳದ ಬತ್ತ ಒಣಗಿಸುವ ಗಡಿಬಿಡಿಯಲ್ಲಿದ್ದ ಅಣ್ಣ. ಕಾಗದವನ್ನು ಅವನ ಎದುರಿಟ್ಟು ಎಲ್ಲವನ್ನೂ ಹೇಳಿದೆ, ಪೌಡರು, ಇಸ್ತ್ರಿ, ತಾರಸಿ ಸಮೇತ.

"ಕಾನ್ವೆಂಟಿನಲ್ಲಿ ಕಲಿಸಿದ್ದು ಇದನ್ನಾ? ಕರಾರುಪತ್ರವನ್ನು ಹಪ್ಪಳದ ಹಾಗೆ ಒಣಗಿಸ್ಲಿಕ್ಕೆ?"

"ತಪ್ಪಾಯ್ತು ಅಣ್ಣಾ. ಇನ್ನೊಂದಕ್ಕೆ ಸಹಿ ಹಾಕಿ ಕೊಡು."

"ಅದಾಗುದಿಲ್ಲ." ಅವನು ಕೂತಲ್ಲಿಂದ ಎದ್ದ. "ಅರಸಿನ ಹಚ್ಚಿ ಸಹಿ ಹಾಕಿದ್ದನ್ನು ಅಪ್ಪನ ಕಾಲದಿಂದ ಇಲ್ಲಿ ಯಾರೂ ಹರಿದದ್ದಿಲ್ಲ. ಇನ್ನೊಂದಕ್ಕೆ ಸಹಿ ಹಾಕಿದ್ರೆ ಮೊದಲಿನದ್ದು ಸತ್ತ ಹಾಗೆ. ಹೊಸ ವ್ಯಾಪಾರವನ್ನು ಸಾವಿನಿಂದ ಸುರು ಮಾಡುದಾ?"

ಮಿಲ್ಲಿಗೆ ತಾಗಿದ ಮನೆಯಿಂದ ಬಂದ ಅಮ್ಮ ಅಷ್ಟರಲ್ಲಿ ಕಾಗದವನ್ನು ಎತ್ತಿಕೊಂಡಿದ್ದರು. ಕನ್ನಡಕವನ್ನು ಹಣೆಗೇರಿಸಿ ಮಗುಚಿ ನೋಡಿದರು.

"ಇದೆಂತ ಬೆನ್ನಿಗೆ ನೇರಳೆ, ಕೆಂಪು, ನೀಲಿ?"

"ಸೀಲು ಅಮ್ಮ. ಇದು ಬಂಟ್ವಾಳದ್ದು, ಇದು ಮಂಗಳೂರಿನದ್ದು, ಇದು ದೆಹಲಿಯದ್ದು."

"ನಾಲ್ಕು ಮೂಲೆಗೆ ನಾನು ಬೆರಳು ಮುಟ್ಟಿಸಿದ್ರೆ ಗಲೀಜು. ಇವರು ಇಡೀ ಬೆನ್ನಿಗೆ ಬಡಿದ್ರೆ ಚಂದವಾ?"

ನಾನು ಅಣ್ಣನ ಕಡೆಗೆ ತಿರುಗಿದೆ.

"ಅಣ್ಣಾ, ಇದನ್ನು ಹರಿಯುವುದು ಬೇಡ" ಎಂದೆ. "ರದ್ದು ಅಂತ ಬರೆಯುವುದೂ ಬೇಡ. ಇದು ನಿನ್ನ ಪೆಟ್ಟಿಗೆಯಲ್ಲೇ ಇರ್ಲಿ. ಅಲ್ಲಿಯ ಕಚೇರಿಗೆ ಅಂತ ಬೇರೆ ಒಂದು. ಅದಕ್ಕೆ ಸಹಿ ಮಾತ್ರ. ಜೂನ್ ಮುಗಿದ್ರೆ ಭಾವ ಇಲ್ಲಿ ಬಂದು ನಿನ್ನ ಅಂಗಳದಲ್ಲಿ ಬತ್ತ ಮಗುಚಬೇಕಾಗ್ತದೆ."

ಅವನು ಅಂಗಳದ ಕಡೆಗೆ ನೋಡಿದ. ನನ್ನ ಗಂಡ ಬತ್ತ ಮಗುಚುವುದನ್ನು ಕಲ್ಪಿಸಿಕೊಂಡಿರಬೇಕು, ಮುಖ ಸ್ವಲ್ಪ ಸಡಿಲವಾಯಿತು. "ಅಮ್ಮ ಹೇಳಿದ ಹಾಗೆ" ಎಂದ.

ಅಮ್ಮ ಹೇಳಿದರು, "ಅರಸಿನ ಮುಟ್ಟಿಸದೆ ಅವನು ಸಹಿ ಹಾಕುದಿಲ್ಲ. ಎಲ್ಲಿಗೆ ಹೋಗುದಾದ್ರೂ ನಾನೂ ಬರ್ತೇನೆ."

ಹೋಗಬೇಕಾದದ್ದು ಬೆಳ್ತಂಗಡಿಗೆ. ಕೋರ್ಟಿಗೆ ಬೇಸಿಗೆ ರಜೆ, ಬಂಟ್ವಾಳದ ನೋಟರಿಯವರು ಮಗಳ ಮನೆಗೆ ಹೋಗಿದ್ದರು. ಬೆಳ್ತಂಗಡಿಯಲ್ಲಿ ಒಬ್ಬರು ಇದ್ದಾರೆಂದು ಗೊತ್ತಾಯಿತು. ಬಹಳ ಕಟ್ಟುನಿಟ್ಟು, ಸಹಿಯೆಲ್ಲ ಅವರ ಕಣ್ಣೆದುರೇ ಆಗಬೇಕು. ಅಣ್ಣ, ಅಮ್ಮ ವೇಣೂರಿನ ದಾರಿಯಾಗಿ ಮಿಲ್ಲಿನ ಜೀಪಿನಲ್ಲಿ ಬಂದರು. ನಾನೂ, ಗಂಡನ ಪಾಲುದಾರರಾದ ಆ ಬ್ಯಾರಿ ಸ್ನೇಹಿತರ ಹೆಂಡತಿಯೂ ಬಿ.ಸಿ. ರೋಡಿನಿಂದ ಬಸ್ಸಿನಲ್ಲಿ ಹೊರಟೆವು. ಅವಳು ಒಬ್ಬ ಸಾಕ್ಷಿ, ಇನ್ನೊಬ್ಬಳು ನಾನು. ಮಡಂತ್ಯಾರಿನಲ್ಲಿ ಬಸ್ಸು ಯಾವುದೋ ಮದುವೆಯ ದಿಬ್ಬಣದ ಹಿಂದೆ ನಿಂತಿತು. ನಾನು ಗಡಿಯಾರ ನೋಡುತ್ತಲೇ ಇದ್ದೆ.

"ಅಕ್ಕಾ, ನೀವು ನೋಡಿದ್ರೆ ಅದು ನಿಲ್ಲುದಿಲ್ಲ" ಎಂದಳು ಅವಳು. "ಈ ಕಾಗದ ಆಗದಿದ್ರೆ ಎಂತ ಮಾಡುದು ಅಂತ ನಮ್ಮವರು ದಿನಾ ಕೇಳ್ತಾರೆ. ಪಾಣೆಮಂಗಳೂರಿನಲ್ಲಿ ಮೀನು ಮಾರುವ, ನಾನು ಲೆಕ್ಕ ಬರೀತೇನೆ ಅಂತ ಹೇಳಿದೆ. ಫೋನು ಇಟ್ಟೇಬಿಟ್ರು."

ನೋಟರಿಯವರ ಕೋಣೆ ಒಂದು ಅಂಗಡಿಯ ಮಹಡಿಯಲ್ಲಿ. ಹತ್ತಿದ ಕೂಡಲೇ ಕರೆಂಟು ಹೋಯಿತು. ಹೊರಗೆ ಮೋಡ ಕವಿದು ಎಲೆ ಅಲ್ಲಾಡುತ್ತಿರಲಿಲ್ಲ. ಅವರು ಹಳೆಯ ಕಾಗದದ ಜೆರಾಕ್ಸ್ ನೋಡಿ, ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿದರು.

"ಈ ಕಾಗದದ ಮೇಲೆ ಎಣ್ಣೆ, ಅರಸಿನ, ಕುಂಕುಮ ಎಂತದೂ ಬೀಳ್ಬಾರದು. ಒಂದು ಚುಕ್ಕೆ ಬಿದ್ರೂ ನಾನು ಸೀಲು ಹಾಕುದಿಲ್ಲ."

ಅಮ್ಮ ಆಗಲೇ ಕೈಚೀಲದಿಂದ ಕರಡಿಗೆ ತೆಗೆದಾಗಿತ್ತು. ಅಣ್ಣ ಪೆನ್ನು ಮುಟ್ಟದೆ ಕೈಕಟ್ಟಿ ಕೂತ. ಒಬ್ಬರಿಗೆ ಹಚ್ಚದಿದ್ದರೆ ಆಗದು, ಇನ್ನೊಬ್ಬರಿಗೆ ಹಚ್ಚಿದರೆ ಆಗದು. ನಡುವೆ ಏಳು ಬಿಳಿ ಹಾಳೆ. ನನಗೆ ಅಳು ಬಂತು.

ನೋಟರಿಯವರು, ಇರುವಷ್ಟು ಕೆಲಸ ಆಗಲಿ ಎಂದು, ಸಾಕ್ಷಿಗಳು ರಿಜಿಸ್ಟರಿನಲ್ಲಿ ಮೊದಲು ಹೆಸರು ಬರೆಯಲಿ ಎಂದರು. ಪಾಲುದಾರರ ಹೆಂಡತಿ ಪೆನ್ನು ತೆಗೆದುಕೊಂಡು ತುಟಿಯಲ್ಲೇ ಏನೋ ಹೇಳಿ ಬರೆದಳು. ಅಮ್ಮ ಅದನ್ನು ಗಮನಿಸಿದರು.

"ಎಂತ ಹೇಳಿದ್ದು ನೀನು?"

"ಬಿಸ್ಮಿ ಹೇಳಿದೆ ಅಮ್ಮ, ದೇವರ ಹೆಸರು. ನಮ್ಮದು ಬಾಯಲ್ಲೇ. ಕಾಗದಕ್ಕೆ ಗೊತ್ತೇ ಆಗುದಿಲ್ಲ."

ಅಮ್ಮ ಅವಳ ಮುಖವನ್ನೂ, ಹಾಳೆಗಳನ್ನೂ, ಮಗನನ್ನೂ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು, ಕರಡಿಗೆಗೆ ಬೆರಳು ಅದ್ದಿ, ಮೇಜಿನ ಕಡೆಗೆ ಬರದೆ, ಅಣ್ಣನ ಹಣೆಗೆ ಅರಸಿನ ಬಳಿದು ಮೇಲೊಂದು ದೊಡ್ಡ ಕುಂಕುಮ ಇಟ್ಟರು.

"ಕಾಗದಕ್ಕೆ ಬೇಡ ಅಂದ್ರೆ ಬೇಡ. ಸಹಿ ಹಾಕುವವನಿಗೆ ಹಚ್ಚಿದ್ದೇನೆ. ಇವನಿಗೂ ಸೀಲು ಹಾಕ್ಲಿಕ್ಕೆ ಉಂಟಾ ಕೇಳು."

ನೋಟರಿಯವರು ನಗಲಿಲ್ಲ. ಆದರೆ ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಏನನ್ನೋ ಹುಡುಕುವಂತೆ ಮಾಡಿದರು.

ಅಣ್ಣ ಬಗ್ಗಿದ. ಫ್ಯಾನಿಲ್ಲದ ಕೋಣೆ. ಮೊದಲ ಹಾಳೆಗೇ ಅವನ ಹಣೆ ಬೆವರಿತು. ಎಣ್ಣೆ, ಅರಸಿನ, ಕುಂಕುಮ ಎಲ್ಲ ಸೇರಿ ಒಂದು ಕೆಂಪು ಗೆರೆ ಹುಬ್ಬಿನ ಕಡೆಗೆ ಇಳಿಯತೊಡಗಿತು. ನಾನು ಕರವಸ್ತ್ರ ತೆಗೆದು ಅವನ ಹುಬ್ಬಿನ ಕೆಳಗೆ ಹಿಡಿದೆ. ಒರೆಸುವ ಹಾಗಿಲ್ಲ, ಅಮ್ಮ ನೋಡುತ್ತಿದ್ದಾರೆ. ಬಿಡುವ ಹಾಗೂ ಇಲ್ಲ, ನೋಟರಿಯವರು ನೋಡುತ್ತಿದ್ದಾರೆ. ಎರಡನೇ ಹಾಳೆ. ಮೂರನೇ ಹಾಳೆ. ಐವತ್ತು ದಾಟಿದ ಮಿಲ್ಲಿನ ಯಜಮಾನ, ಬರೆಯಲು ಕಲಿಯುವ ಮಗುವಿನ ಹಾಗೆ ನಾಲಗೆ ಕಚ್ಚಿ ಸಹಿ ಹಾಕುತ್ತಿದ್ದ. ಪಾಲುದಾರರ ಹೆಂಡತಿ ತಲೆಗೆ ಹೊದ್ದ ದುಪ್ಪಟ್ಟಿಯ ತುದಿಯಿಂದ ಅವನಿಗೆ ಗಾಳಿ ಹಾಕುತ್ತಿದ್ದಳು, ಹಾಳೆ ಹಾರದಷ್ಟು ಮೆಲ್ಲಗೆ.

"ಬೇಗ ಹಾಕು ಮಾರಾಯ" ಎಂದೆ.

"ಬೇಗ ಹಾಕಿದ್ರೆ ಸಹಿ ಬೇರೆ ಆಗ್ತದೆ. ಆಮೇಲೆ ಅದಕ್ಕೂ ಮೊದಲಿಂದ ಅಂತ ಹೇಳಿಯಾರು."

ಏಳನೇ ಹಾಳೆಯ ಸಹಿ ಮುಗಿದು ಅವನು ತಲೆಯೆತ್ತಿದಾಗ ಕರವಸ್ತ್ರದ ನಡುವೆ ರೂಪಾಯಿಯಷ್ಟಗಲದ ಕೆಂಪು. ಹಾಳೆಗಳ ಮೇಲೆ ಒಂದು ಚುಕ್ಕೆಯೂ ಇಲ್ಲ. ನೋಟರಿಯವರು ಪ್ರತಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಂಟು ಹಚ್ಚಿ ಕೆಂಪು ಹೂವು ಇಟ್ಟರು.

ಅಲ್ಲಿಂದ ಮುಂದೆ ನಾನು ಯಾರನ್ನೂ ನಂಬಲಿಲ್ಲ. ಮಂಗಳೂರಿನ ಸಂಘಕ್ಕೆ ಅದೇ ದಿನ ಶಿಫಾರಸು ಪತ್ರ, ಮೊಹರು, ಮಿಲ್ಲಿನ ನೋಂದಣಿಯ ಪ್ರತಿ, ಇನ್ನೂ ಏನೇನು ಕೇಳಬಹುದೋ ಎಲ್ಲವನ್ನೂ ಹೊತ್ತು ಹೋದೆ. ಗುಮಾಸ್ತರು ಕೇಳುವ ಮೊದಲೇ ಒಂದೊಂದಾಗಿ ಮೇಜಿನ ಮೇಲಿಟ್ಟೆ. ಸಾಯಂಕಾಲವೇ ಮುದ್ರೆ ಬಿತ್ತು. ದೆಹಲಿಯ ಕೊರಿಯರಿಗೆ ಕೊಡುವಾಗ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ರಟ್ಟು ಕಟ್ಟಿ ಕೊಟ್ಟೆ. ಏಜೆಂಟರು ಮುಖ ದಪ್ಪ ಮಾಡಿಕೊಂಡೇ ಕಳಿಸಿದರು. ಮುಂಬಯಿಯಿಂದ ತಿರುಗಿ ಬಂದಾಗ ದೆಹಲಿಯ ಮುದ್ರೆಯ ವೃತ್ತ ಎಡಗಡೆ ತುಂಡಾಗಿದೆಯೇ ಎಂದು ಮೊದಲು ನೋಡಿದೆ. ತುಂಡಾಗಿತ್ತು. ಅರಬ್ಬಿ ಹಾಳೆಗಳ ಕೊನೆಗೆ ದೂತಾವಾಸದ ಹಸಿರು ಮುದ್ರೆ. ಪಿನ್ನಿನ ತೂತು ಎಣಿಸಿದೆ. ಎರಡೇ.

ಮಳೆ ಹಿಡಿದು ನೇತ್ರಾವತಿ ಕೆಂಪಾಗಿ ಹರಿಯುತ್ತಿತ್ತು. ಪೇಟೆಗೆ ನೀರು ಬರುವ ಸೂಚನೆ ಇದ್ದುದರಿಂದ ಆ ಕಾಗದವನ್ನು ಅಟ್ಟದ ಮೇಲಿನ ಟ್ರಂಕಿನಲ್ಲಿಟ್ಟೆ. ಅಂಚೆಗೂ ಹಾಕಲಿಲ್ಲ. ಪಾಣೆಮಂಗಳೂರಿನ ಒಬ್ಬ ಹಿರಿಯರು ಮಗನ ಮನೆಗೆಂದು ಅದೇ ಊರಿಗೆ ವಿಮಾನ ಹತ್ತುವವರಿದ್ದರು. ಕರಾರುಪತ್ರವನ್ನು ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಜೊತೆಗೆ ಉಪ್ಪಿನಕಾಯಿ, ಎಣ್ಣೆ ಯಾವುದೂ ಇರಬಾರದು ಎಂದು ಹೇಳಿದೆ. ಅವರು ಮಗನಿಗೆ ಒಯ್ಯುತ್ತಿದ್ದ ತೆಂಗಿನೆಣ್ಣೆಯ ಬಾಟಲಿಯನ್ನು ಕೈಚೀಲದಿಂದ ತೆಗೆದು ಬೇರೆ ಚೀಲಕ್ಕೆ ಹಾಕುವ ತನಕ ನಾನು ಕದಲಲಿಲ್ಲ.

ಜೂನ್ ಮುಗಿಯಲು ಐದು ದಿನ ಇರುವಾಗ ಗಂಡನ ಫೋನು ಬಂತು. ಶುಕ್ರವಾರವಲ್ಲ.

"ಆಯ್ತು. ಪರವಾನಗಿ ಸಿಕ್ಕಿತು."

"ಕಾಗದ ನೋಡಿ ಎಂತ ಹೇಳಿದ್ರು?"

"ಎಂತ ಹೇಳುದು? ಕೊನೇ ಹಾಳೆ ಮಗುಚಿ ಹಸಿರು ಸೀಲು ಉಂಟಾ ಅಂತ ನೋಡಿದ. ಅವನ ಸೀಲು ಬಡಿದ. ಬುಟ್ಟಿಗೆ ಹಾಕಿದ. ಒಂದು ನಿಮಿಷವೂ ಆಗ್ಲಿಲ್ಲ."

ನನಗೆ ಸಂತೋಷವಾಗಬೇಕಿತ್ತು. ಆಯಿತೂ. ಆದರೆ ಆ ಒಂದು ನಿಮಿಷದ ಮೇಲೆ ಬಂದ ಸಿಟ್ಟು ಇಡೀ ಮಳೆಗಾಲ ಇಳಿಯಲಿಲ್ಲ. ಏಳು ಹಾಳೆಯಲ್ಲಿ ಒಂದು ಗೆರೆಯನ್ನೂ ಯಾರೂ ಓದಲಿಲ್ಲ. ಅದನ್ನು ಓದಿದವರು ಟೈಪು ಮಾಡಿದವನು, ಅರಬ್ಬಿಗೆ ಇಳಿಸಿದವನು ಮತ್ತು ನಾನು ಮಾತ್ರ.

ಮಳೆ ಕಡಿಮೆಯಾದ ಮೇಲೆ ಮೊದಲ ಲೋಡು ಅಕ್ಕಿ ಬಂದರಿಗೆ ಹೊರಡುವ ದಿನ ಅಣ್ಣ ನನ್ನನ್ನು ಬರಹೇಳಿದ. ಚೀಲಕ್ಕೆ ಎಷ್ಟು ಕಿಲೋ ಎಂಬಲ್ಲಿ ಅವನಿಗೂ ಲೆಕ್ಕ ಬರೆಯುವ ರೈಟರಿಗೂ ಚರ್ಚೆಯಾಯಿತು. "ಕರಾರಿನಲ್ಲಿ ನೋಡುವ" ಎಂದು ಪೆಟ್ಟಿಗೆ ತೆಗೆದು, ಹೊಸ ಪತ್ರದ ಜೆರಾಕ್ಸನ್ನು ಬದಿಗೆ ಸರಿಸಿ, ಆ ಹಳೆಯ ಕಾಗದವನ್ನೇ ಎತ್ತಿಕೊಂಡ. ಸುರುಟಿದ ಕೆಂಪು ಹೂವು, ಮಾಸಿದ ನೇರಳೆ ವೃತ್ತ, ಕದಡಿದ ಸಹಿ.

"ಇದು ಯಾಕೆ? ಆ ಇನ್ನೊಂದರದ್ದು ಪ್ರತಿ ಉಂಟಲ್ಲ" ಎಂದೆ.

"ಅದು ಅವರ ಸರ್ಕಾರಕ್ಕೆ. ನಮ್ಮದು ಇದು."

ಹತ್ತಿರ ಬಗ್ಗಿ ನೋಡಿದೆ. ನಾನು ತಾರಸಿಯ ಬಿಸಿಲಿನಲ್ಲಿ ಅಳಿಸಿದ ನಾಲ್ಕು ಮೂಲೆಗಳಲ್ಲೂ ಹೊಸ ಅರಸಿನ ಇತ್ತು. ತಲೆಯೆತ್ತಿ ಅಮ್ಮನ ಕಡೆ ನೋಡಿದೆ. ಅವರು ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಹೆದರ್ಬೇಡ ಮಾರಾಯ್ತಿ" ಎಂದರು. "ಈ ಸಲ ಎಣ್ಣೆ ಹಾಕ್ಲಿಲ್ಲ. ನೀರಿನಲ್ಲೇ ಕಲಸಿದ್ದು."